ಮರ ನಮ್ಮದು, ಕುರ್ಚಿ ಅವರದು

ಬೀಜಿಂಗಿನ ಅರಮನೆಯಲ್ಲಿ ಛಿಂಗ್ ವಂಶದ ದೊರೆಗಳು ಕೂತ ಸಿಂಹಾಸನಗಳಲ್ಲಿ ಎಷ್ಟೋ ನಮ್ಮ ಸೀಮೆಯ ಬೆಟ್ಟದ ಮರದಿಂದ ಆದವು. ಆಂಧ್ರದ ಚಿಲಮತ್ತೂರಿನಿಂದ ಕದಿರಿ ದಾಟಿ ರಾಯಚೋಟಿಯ ಕಡೆ ಹೊರಟರೆ ಪಾಲಕೊಂಡದ ಸಾಲು ಸಿಗುತ್ತದೆ. ಅದರಾಚೆ ಶೇಷಾಚಲ, ಲಂಕಮಲ, ವೆಲಿಕೊಂಡ. ರಕ್ತಚಂದನ ಕಾಡುಮರವಾಗಿ ಬೆಳೆಯುವುದು ಬಹುಪಾಲು ಈ ಬೆಟ್ಟಗಳಲ್ಲೇ. ಅಕ್ಕಪಕ್ಕದ ತಮಿಳುನಾಡು, ಕರ್ನಾಟಕದ ಅಂಚಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಇದ್ದೀತು, ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಚೀನೀಯರು ಇದನ್ನು ಜಿತಾನ್ ಎನ್ನುತ್ತಾರೆ. ಅಲ್ಲಿನ ಸರ್ಕಾರ 2000ದಲ್ಲಿ ಬೆಲೆಬಾಳುವ ಗಟ್ಟಿಮರಗಳಿಗೆ ಒಂದು ರಾಷ್ಟ್ರೀಯ ಮಾನದಂಡ ತಂದು 33 ಜಾತಿಗಳನ್ನು ಪಟ್ಟಿ ಮಾಡಿತು, 2017ರಲ್ಲಿ ಅದನ್ನು 29ಕ್ಕೆ ಇಳಿಸಿತು. ಎರಡೂ ಪಟ್ಟಿಗಳಲ್ಲಿ ಜಿತಾನ್ ವರ್ಗಕ್ಕೆ ಸೇರಿದ್ದು ಒಂದೇ ಮರ, ನಮ್ಮ ರಕ್ತಚಂದನ. ನಮ್ಮ ಮಲೆನಾಡಿನ ಬೀಟೆ, ಹೊನ್ನೆಗಳೂ ಬೇರೆ ವರ್ಗಗಳಲ್ಲಿ ಜಾಗ ಪಡೆದಿವೆ.

ಈ ಸಂಗತಿ ತಿಳಿದಾಗ ನಮ್ಮ ಕಡೆಯವರಿಗೆ ಮೊದಲು ಹುಟ್ಟುವುದು ಹೆಮ್ಮೆ, ಅದರ ಬೆನ್ನಿಗೇ ಲೆಕ್ಕಾಚಾರ. ಟನ್ನಿಗೆ ಎಷ್ಟು? ಎಕರೆಗೆ ಎಷ್ಟು ಗಿಡ? ಎಷ್ಟು ವರ್ಷಕ್ಕೆ ಕಟಾವು? ಹಿಂದೂಪುರ, ಲೇಪಾಕ್ಷಿ, ಚಿಲಮತ್ತೂರು, ಬಾಗೇಪಲ್ಲಿಯ ಸುತ್ತ ಬೆಂಗಳೂರಿನವರಿಗೆಂದು ಭೂಮಿ ತುಂಡು ಮಾಡಿ ಮಾರುವವರ ಜಾಹೀರಾತುಗಳಲ್ಲಿ ಶ್ರೀಗಂಧದ ಜೊತೆಗೆ ರಕ್ತಚಂದನದ ಸಸಿಯೂ ಬಂದಿದೆ. ಹದಿನೈದು ವರ್ಷ ಕಾದರೆ ಕೋಟಿ ಎಂಬ ಮಾತು ಹಳ್ಳಿಯ ಟೀ ಅಂಗಡಿಯವರೆಗೂ ಹಬ್ಬಿದೆ. ಅದನ್ನು ನಂಬುವವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಡಲೆಕಾಯಿ ಬೆಳೆದು ಸೋತ ನೆಲ ಇದು. ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ ಲೇಪಾಕ್ಷಿ ನಾಲೆಡ್ಜ್ ಹಬ್ ಹೆಸರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಎಕರೆ ಕೈಬಿಟ್ಟು ಹೋಯಿತು, ಹೇಳಿದ ಕೈಗಾರಿಕೆ ಬರಲಿಲ್ಲ. ಅಂಥ ಕಡೆ ಜನ ಒಂದು ಮರದ ಮೇಲೆ ಆಸೆ ಇಟ್ಟರೆ ತಪ್ಪೆನ್ನಲಾಗದು. ಆದರೆ ಆ ಆಸೆಯ ಬುಡದಲ್ಲಿ ಒಂದು ತಪ್ಪು ಎಣಿಕೆ ಇದೆ. ಬೆಲೆ ಮರದಲ್ಲೇ ಕೂತಿದೆ ಎಂದು ನಾವು ತಿಳಿದಿದ್ದೇವೆ. ಅದು ಬಹುಪಾಲು ಕೂತಿರುವುದು ಮರದ ಮೇಲೆ ಆದ ಕೆಲಸದಲ್ಲಿ. ಇದನ್ನು ಅರಿಯದೆ ನಾವು ಮಾಡುತ್ತಿರುವ ಕಾನೂನು, ಹರಾಜು, ತೋಟ, ಕಾವಲು ಎಲ್ಲವೂ ದಿಮ್ಮಿಯ ಸುತ್ತಲೇ ಸುತ್ತುತ್ತಿವೆ.

ಛಿಂಗ್ ವಂಶಕ್ಕೂ ಹಿಂದಿನ ಮಿಂಗ್ ಕಾಲದ ದುಂಡುಬೆನ್ನಿನ ಕುರ್ಚಿಯೊಂದನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಿಂದಿನಿಂದ ಬಳಸಿ ಬಂದು ಎರಡೂ ಕೈಗಳಾಗಿ ಮುಂದಕ್ಕಿಳಿಯುವ ಆ ಬಾಗು ಒಂದೇ ಮರದ್ದೆಂದು ಕಣ್ಣಿಗೆ ತೋರುತ್ತದೆ. ಅಲ್ಲ, ಸಾಮಾನ್ಯವಾಗಿ ಮೂರು ಇಲ್ಲವೇ ಐದು ತುಂಡು. ಒಂದರ ತುದಿಯನ್ನೂ ಇನ್ನೊಂದರ ತುದಿಯನ್ನೂ ಅರ್ಧರ್ಧ ಸೀಳಿ ಒಂದರ ಮೇಲೊಂದು ಕೂಡಿಸಿ, ತುದಿಯ ಸಣ್ಣ ನಾಲಿಗೆಗಳನ್ನು ಎದುರಿನ ಗುಳಿಗಳಿಗೆ ಸೇರಿಸಿ, ನಡುವೆ ಉಳಿಸಿದ ಚೌಕ ತೂತಿಗೆ ಒಂದು ಬೆಣೆ ಬಡಿಯುತ್ತಾರೆ. ಬೆಣೆ ಬಿಗಿದಷ್ಟೂ ಎರಡೂ ತುಂಡು ಒಂದನ್ನೊಂದು ಎಳೆದುಕೊಳ್ಳುತ್ತವೆ. ಮೊಳೆ ಇಲ್ಲ, ಅಂಟಿನ ಮೇಲೆ ಭಾರ ಇಲ್ಲ. ಮೇಲೆ ಕೈಯಾಡಿಸಿದರೆ ಕೂಡಿದ ಜಾಗ ಬೆರಳಿಗೆ ತಾಕುವುದಿಲ್ಲ.

ಕೆಳಗೆ ಬನ್ನಿ. ಮುಂಗಾಲು ಕೂರುವ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ಚೌಕಟ್ಟನ್ನು ತೂರಿ ಮೇಲೆದ್ದು ಕೈಯನ್ನು ಹೊರುವ ಕಂಬವಾಗುತ್ತದೆ. ಕೂತವನು ಹಿಂದಕ್ಕೆ ಒರಗಿದಾಗ ಬೀಳುವ ಎಳೆತ ಹೀಗೆ ನೆಲದವರೆಗೂ ಹಂಚಿಹೋಗುತ್ತದೆ. ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿಗಳು ನಾಲ್ಕೂ ಕಡೆ ಒಂದೇ ಎತ್ತರದಲ್ಲಿಲ್ಲ. ಮುಂದಿನದು ತಗ್ಗು, ಪಕ್ಕದವು ಕೊಂಚ ಮೇಲೆ, ಹಿಂದಿನದು ಇನ್ನೂ ಮೇಲೆ. ಚೀನೀಯರು ಇದನ್ನು ಹೆಜ್ಜೆಹೆಜ್ಜೆಗೂ ಏಳಿಗೆಯ ಶುಭಸೂಚಕ ಎಂದುಕೊಂಡರು. ಬಡಗಿಗೆ ಗೊತ್ತಿದ್ದ ಕಾರಣ ಇನ್ನೊಂದು: ಒಂದೇ ಎತ್ತರದಲ್ಲಿ ಎರಡು ಕಡೆಯಿಂದ ಗುಳಿ ತೋಡಿದರೆ ಕಾಲು ಅಲ್ಲೇ ಸೊರಗುತ್ತದೆ. ಕೂರುವ ಜಾಗದಲ್ಲಿ ತಾಳೆಯ ನಾರಿನ ಜಾಲ, ಅದರ ಮೇಲೆ ಬೆತ್ತದ ನೇಯ್ಗೆ. ಹಲಗೆ ಹಾಕಿದ ಕಡೆ ಅದರ ಅಂಚನ್ನು ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಅದಕ್ಕೆ ಅಷ್ಟು ಆಡಲು ಜಾಗ ಕೊಟ್ಟದ್ದರಿಂದಲೇ ನಾಲ್ಕುನೂರು ವರ್ಷದ ಹಲಗೆಗಳು ಇವತ್ತಿಗೂ ಬಿರಿಯದೆ ಉಳಿದಿವೆ. ಬೆನ್ನಿಗೆ ತಾಕುವ ಒಂದೇ ಹಲಗೆ ಬೆನ್ನುಮೂಳೆಯ ಬಾಗನ್ನೇ ಅನುಸರಿಸುತ್ತದೆ. ಅದನ್ನು ಬಿಸಿ ಕೊಟ್ಟು ಬಗ್ಗಿಸಿಲ್ಲ. ದಪ್ಪ ದಿಮ್ಮಿಯೊಳಗಿನಿಂದ ಆ ಬಾಗನ್ನು ಕೆತ್ತಿ ತೆಗೆದಿದ್ದಾರೆ.

ಕುರ್ಚಿ ಚೀನೀಯರ ಹುಟ್ಟುಗುಣವೇನೂ ಆಗಿರಲಿಲ್ಲ. ಅವರೂ ನಮ್ಮಂತೆ ಚಾಪೆ ಹಾಸಿ ನೆಲಕ್ಕೆ ಕೂರುತ್ತಿದ್ದವರೇ. ಮಡಿಸುವ ಪೀಠ ಎರಡನೆಯ ಶತಮಾನದ ಹೊತ್ತಿಗೆ ಮಧ್ಯ ಏಷ್ಯಾದ ಕಡೆಯಿಂದ ಬಂತು, ಬೆನ್ನಿರುವ ಎತ್ತರದ ಆಸನ ಬೌದ್ಧ ಭಿಕ್ಷುಗಳ ಜೊತೆಗೆ ಬಂತು. ದುನ್‌ಹ್ವಾಂಗ್ ಗುಹೆಗಳ ಭಿತ್ತಿಚಿತ್ರಗಳಲ್ಲಿ ಆ ಬದಲಾವಣೆಯ ಗುರುತುಗಳಿವೆ. ಕ್ರಿ.ಶ. 960ರಿಂದ ಆರಂಭವಾಗುವ ಸುಂಗ್ ಕಾಲಕ್ಕೆ ಕುರ್ಚಿ ಮನೆಮಾತಾಯಿತು. ಅಂದರೆ ಬುದ್ಧನ ನಾಡಿನ ದಾರಿಯಲ್ಲಿ ಹೋದ ಒಂದು ಆಸನವನ್ನು ಅವರು ಐದಾರು ಶತಮಾನ ತಿದ್ದಿ ತೀಡಿ ಆ ರೂಪಕ್ಕೆ ತಂದರು. ನಮ್ಮಲ್ಲಿ ಕುರ್ಚಿಯ ಪರಂಪರೆ ಇಲ್ಲ, ಅದಕ್ಕೇ ಈ ಕೆಲಸ ಬೆಳೆಯಲಿಲ್ಲ ಎನ್ನುವವರಿಗೆ ಇದೇ ಉತ್ತರ. ಪರಂಪರೆ ಎಲ್ಲಿಯಾದರೂ ಒಂದು ದಿನ ಶುರುವಾಗಲೇಬೇಕು.

1567ರಲ್ಲಿ ಮಿಂಗ್ ಸರ್ಕಾರ ಸಮುದ್ರ ವ್ಯಾಪಾರದ ಮೇಲಿನ ನಿಷೇಧವನ್ನು ಸಡಿಲಿಸಿತು. ದಕ್ಷಿಣದ ಕಡಲಿನಿಂದ ಗಟ್ಟಿಮರ ಒಳಹರಿಯಿತು. ನೀರಿನಲ್ಲಿ ಮುಳುಗುವಷ್ಟು ತೂಕದ, ಉಳಿಗೆ ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಹಿಡಿದುಕೊಳ್ಳುವ ಮರ ಸಿಕ್ಕಮೇಲೆ ಈ ಸೂಕ್ಷ್ಮ ಜೋಡಣೆಗಳು ಸಾಧ್ಯವಾದವು. ಮರ ಮುಖ್ಯವೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಮೆತ್ತನೆಯ ಮರದಲ್ಲಿ ಅಷ್ಟು ತೆಳ್ಳನೆಯ ನಾಲಿಗೆ ನಿಲ್ಲದು. ಆದರೆ ನಮ್ಮ ರಕ್ತಚಂದನ ಅದೇ ಕಾಲದಲ್ಲಿ ಕೋರಮಂಡಲದ ಬಂದರುಗಳಿಂದ ಯೂರೋಪಿಗೂ ಹೋಯಿತು. ಅಲ್ಲಿ ಅದನ್ನು ತುರಿದು ಪುಡಿ ಮಾಡಿ ಉಣ್ಣೆಗೆ ಕೆಂಪು ಬಣ್ಣ ಹಾಕಿದರು. ಜಪಾನಿಗೆ ಹೋದದ್ದು ಶಮಿಸೆನ್ ತಂತಿವಾದ್ಯದ ಕತ್ತಾಯಿತು. ಬೀಜಿಂಗಿಗೆ ಹೋದದ್ದು ಸಿಂಹಾಸನವಾಯಿತು. ಮರ ಒಂದೇ, ಬೆಲೆ ಮಾತ್ರ ಅದನ್ನು ಹಿಡಿದ ಕೈಯಂತೆ ಬೇರೆಬೇರೆ.

ಹತ್ತು ಜಿತಾನ್ ಮರದಲ್ಲಿ ಒಂಬತ್ತು ಟೊಳ್ಳು ಎಂಬ ಮಾತು ಚೀನೀ ಬಡಗಿಗಳಲ್ಲಿದೆ. ಶೇಷಾಚಲದ ಕಲ್ಲುನೆಲದಲ್ಲಿ ನಿಧಾನಕ್ಕೆ ಬೆಳೆಯುವ ಮರದ ಒಳಭಾಗ ಬಹಳ ಸಲ ಸೀಳಿರುತ್ತದೆ, ಪೊಳ್ಳಾಗಿರುತ್ತದೆ. ಅಗಲವಾದ ಹಲಗೆ ಸಿಗುವುದೇ ಅಪರೂಪ. ಹಾಗಾಗಿ ಬಡಗಿ ಒಂದು ಚೂರನ್ನೂ ಎಸೆಯುತ್ತಿರಲಿಲ್ಲ. ಸಣ್ಣ ತುಂಡುಗಳನ್ನು ಗುರುತು ಸಿಗದಂತೆ ಕೂಡಿಸುವ ಜಾಣ್ಮೆ ಬೆಳೆದುದರ ಹಿಂದೆ ಈ ಕೊರತೆಯ ಪಾಲೂ ಇದೆ.

ಹರಾಜಿನ ಲೆಕ್ಕವನ್ನೂ ನೋಡೋಣ, ಏಕೆಂದರೆ ನಮ್ಮವರ ಕನಸು ಅಲ್ಲಿಂದಲೇ ಬರುತ್ತದೆ. ಛಿಂಗ್ ವಂಶದ ಛ್ಯಾನ್‌ಲುಂಗ್ ದೊರೆಯ ಕಾಲದ ಜಿತಾನ್ ಸಿಂಹಾಸನವೊಂದು 2009ರಲ್ಲಿ ಹಾಂಗ್‌ಕಾಂಗ್‌ನ ಸಾದಬೀಸ್ ಹರಾಜಿನಲ್ಲಿ 8.5 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿಗೆ ಹೋಯಿತು. 2015ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ನಾಲ್ಕು ದುಂಡುಬೆನ್ನಿನ ಕುರ್ಚಿಗಳ ಒಂದು ಸೆಟ್ಟಿಗೆ 96 ಲಕ್ಷ ಅಮೆರಿಕನ್ ಡಾಲರಿಗಿಂತ ಹೆಚ್ಚು ಬಂತು. ಈ ಎರಡನೆಯವು ನಮ್ಮ ಮರದವಲ್ಲ, ಹೈನಾನ್ ದ್ವೀಪದ ಹೊಂಬಣ್ಣದ ಹ್ವಾಂಗ್‌ಹ್ವಾಲಿ ಮರದವು. ಅವುಗಳಲ್ಲಿ ಕೆತ್ತನೆ ಅಷ್ಟಕ್ಕಷ್ಟೇ. ಕೊಂಡವರು ಹಣ ಕೊಟ್ಟದ್ದು ರೇಖೆಗೆ, ಜೋಡಣೆಗೆ, ವಯಸ್ಸಿಗೆ. ಅಷ್ಟೇ ತೂಕದ ದಿಮ್ಮಿಗೆ ಆ ಬೆಲೆಯ ಹತ್ತಿರಕ್ಕೂ ಯಾರೂ ಬರರು.

ಈ ಕುರ್ಚಿಗಳ ಗುಣವನ್ನು ಲೋಕಕ್ಕೆ ತಿಳಿಸಿದವರಲ್ಲಿ ಮುಖ್ಯರು ವಾಂಗ್ ಶಿಶ್ಯಾಂಗ್ (1914–2009). ಅವರು ಮಿಂಗ್ ಪೀಠೋಪಕರಣಗಳಿಗೆ ಹದಿನಾರು ಗುಣಗಳನ್ನೂ ಎಂಟು ದೋಷಗಳನ್ನೂ ಗುರುತಿಸಿದರು. ಗುಣಗಳ ಪಟ್ಟಿಯಲ್ಲಿ ಮೊದಲು ಬರುವುದು ಸರಳತೆ. ದೋಷಗಳಲ್ಲಿ ಮೊದಲು ಬರುವುದು ಅತಿಯಾದ ಕುಸುರಿ. ಆ ಅಳತೆಗೋಲು ಹಿಡಿದರೆ ಛಿಂಗ್ ಅರಮನೆಯ ಎಷ್ಟೋ ರಕ್ತಚಂದನದ ಆಸನಗಳು ಸೋಲುತ್ತವೆ. ಮರ ಹೇರಳವಾಗಿ ಕೈಗೆ ಬಂದಾಗ ಅದನ್ನು ಮೆರೆಸುವ ಚಟ ಹತ್ತಿತು, ಡ್ರ್ಯಾಗನ್ನು, ಮೋಡ, ಅಲೆ ಎಲ್ಲ ಸೇರಿ ಕುರ್ಚಿ ಕೂರಲಾರದಷ್ಟು ಭಾರವಾಯಿತು. ಇಂದಿನ ಚೀನಾದಲ್ಲೂ ಆ ಚಟ ಹೋಗಿಲ್ಲ. ಬೀಜಿಂಗಿನಲ್ಲಿ 1999ರಲ್ಲಿ ರಕ್ತಚಂದನಕ್ಕೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅರಮನೆಯ ಹಳೆಯ ಮಾದರಿಗಳನ್ನು ಅಲ್ಲಿ ಹೊಸದಾಗಿ ಮಾಡಿಟ್ಟಿದ್ದಾರೆ. ಕೆಲಸಗಾರರ ಕೈಚಳಕಕ್ಕೆ ತಲೆಬಾಗಲೇಬೇಕು. ಆದರೂ ಮರವನ್ನೇ ಪೂಜಿಸುವ ಆ ಹುಚ್ಚು ನಮ್ಮ ಕಾಡಿನ ಮೇಲೆ ಯಾವ ರೂಪದಲ್ಲಿ ಬಿದ್ದಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

2015ರ ಏಪ್ರಿಲ್ 7ರಂದು ಶೇಷಾಚಲದ ಕಾಡಿನಲ್ಲಿ ಆಂಧ್ರ ಪೊಲೀಸರ ಗುಂಡಿಗೆ 20 ಮಂದಿ ಸತ್ತರು. ತಮಿಳುನಾಡಿನ ತಿರುವಣ್ಣಾಮಲೈ, ಧರ್ಮಪುರಿ, ಸೇಲಂ ಕಡೆಯ ಬಡವರು, ಮರ ಕಡಿಯುವ ಕೂಲಿಗೆ ಬಂದವರೆಂದು ಹೇಳಲಾದವರು. ಅವರ ಮನೆಯಲ್ಲಿ ರಕ್ತಚಂದನದ ಒಂದು ಮಣೆಯೂ ಇದ್ದಿರಲಾರದು. ಮರ ಕಳವಾಗಬಾರದು, ನಿಜ. ಈ ಜಾತಿ 1995ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಅಳಿವಿನ ಅಂಚಿನ ಜಾತಿಗಳ ಪಟ್ಟಿಯಲ್ಲಿದೆ. ಆದರೆ ಎಲ್ಲಿಯವರೆಗೆ ಕಚ್ಚಾ ದಿಮ್ಮಿಯೇ ಚಿನ್ನ ಎಂಬ ನಂಬಿಕೆ ಇರುತ್ತದೋ ಅಲ್ಲಿಯವರೆಗೆ ಕೊಡಲಿ ಹಿಡಿದವನಿಗೆ ಕೂಲಿ, ದಲ್ಲಾಳಿಗೆ ಲಾಭ, ಸರ್ಕಾರಕ್ಕೆ ವಶಪಡಿಸಿಕೊಂಡ ಮಾಲಿನ ಹರಾಜು. ತಿರುಪತಿಯ ಸುತ್ತಿನ ಗೋದಾಮುಗಳಲ್ಲಿ ದಿಮ್ಮಿಗಳು ಎ, ಬಿ, ಸಿ ಎಂಬ ದರ್ಜೆ ಹೊತ್ತು ಮಲಗಿರುತ್ತವೆ, ಜಾಗತಿಕ ಟೆಂಡರಿನಲ್ಲಿ ಹಡಗು ಹತ್ತುತ್ತವೆ. ಬೆಟ್ಟ ನಮ್ಮದು, ರಕ್ತ ನಮ್ಮವರದು, ಉಳಿ ಹಿಡಿದ ಕೈ ಮಾತ್ರ ಬೇರೆಯವರದು. ಈ ಏರ್ಪಾಡು ನನಗೆ ಸಹಿಸಲಾಗದಷ್ಟು ಅನ್ಯಾಯವಾಗಿ ಕಾಣುತ್ತದೆ.

ಈ ಮರದಲ್ಲಿ ನಮ್ಮವರು ಏನೂ ಮಾಡಿಲ್ಲವೆಂದಲ್ಲ. ದಸರಾ ಬಂದರೆ ಹಿಂದೂಪುರದ ಕನ್ನಡ ಮನೆಗಳಲ್ಲಿ, ಮೈಸೂರಿನಲ್ಲಿ, ತೆಲುಗರ ಕೊಲುವಿನಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂರುವ ಪಟ್ಟದ ಗೊಂಬೆ ಎಷ್ಟೋ ಮನೆಗಳಲ್ಲಿ ರಕ್ತಚಂದನದ್ದು. ರಾಜ ರಾಣಿಯರ ಆ ಜೋಡಿಯನ್ನು ತಿರುಪತಿಯಿಂದ ತರುತ್ತಿದ್ದರು, ಮದುವೆಯಲ್ಲಿ ಮಗಳಿಗೆ ಕೊಡುತ್ತಿದ್ದರು. ಮಗುವಿನ ಮೈಯಲ್ಲಿ ಬೆವರುಸಾಲೆ ಎದ್ದರೆ ಗೊಂಬೆಯ ಬುಡವನ್ನೇ ನೀರು ಹಾಕಿದ ಕಲ್ಲಿನ ಮೇಲೆ ತೇಯ್ದು ಹಚ್ಚುವ ಅಜ್ಜಿಯರಿದ್ದರು. ಮೂಗು ಕಣ್ಣು ಸವೆದ ಗೊಂಬೆಗೆ ಪ್ರತಿವರ್ಷ ಹೊಸ ರೇಷ್ಮೆ ಚೂರು ಉಡಿಸುವುದು ಮಕ್ಕಳ ಸಂಭ್ರಮ. ಶ್ರೀಕಾಳಹಸ್ತಿಯ ಸಮೀಪದ ಮಾಧವಮಾಲದಲ್ಲಿ ಇವತ್ತಿಗೂ ಮರದಲ್ಲಿ ದೇವರ ವಿಗ್ರಹ ಕೆತ್ತುವ ಮನೆಗಳಿವೆ. ಇಷ್ಟಾಗಿಯೂ ಗೊಂಬೆಯಿಂದ ಮುಂದಕ್ಕೆ ನಾವು ಹೋಗಲಿಲ್ಲ. ಆಂಧ್ರ ಸರ್ಕಾರದ ಕರಕುಶಲ ನಿಗಮ ತನ್ನ ಮಳಿಗೆಗಳಿಗೆ ಲೇಪಾಕ್ಷಿ ಎಂಬ ಹೆಸರಿಟ್ಟುಕೊಂಡಿದೆ. ಆ ಲೇಪಾಕ್ಷಿ ಇರುವುದು ಚಿಲಮತ್ತೂರಿನ ಮಗ್ಗುಲಲ್ಲಿ. ವಿಜಯನಗರ ಕಾಲದ ವೀರಭದ್ರ ದೇವಾಲಯದ ಕಲ್ಲುಕೆಲಸ, ಕನ್ನಡ ಶಾಸನ, ಚಾವಣಿಯ ಚಿತ್ರ ನೋಡಲು ದೂರದಿಂದ ಜನ ಬರುತ್ತಾರೆ. ಹೆಸರು ಕೊಟ್ಟ ಊರಿನ ಸುತ್ತ ಮರಗೆಲಸ ಕಲಿಸುವ ಒಂದು ಗಟ್ಟಿಯಾದ ಶಾಲೆ ಇರಬೇಕಿತ್ತು.

ಕಚ್ಚಾ ಮಾಲು ಬೆಳೆದ ಜಿಲ್ಲೆಯೇ ಅದರ ಕೆಲಸವನ್ನೂ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ತೋರಿಸಲು ಚೀನಾದವರೆಗೆ ಹೋಗಬೇಕಾಗಿಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ನಮ್ಮ ಹಳ್ಳಿಗಳಿಂದ ರೇಷ್ಮೆಗೂಡು ಹೋಗುತ್ತದೆ. ಅದೇ ಜಿಲ್ಲೆಯ ಧರ್ಮಾವರದಲ್ಲಿ ಅಗಲ ಅಂಚಿನ ಸೀರೆ ನೇಯುತ್ತಾರೆ. ಗೂಡಿನ ಬೆಲೆ ಬಿದ್ದಾಗ ರೈತ ಅಳುತ್ತಾನೆ, ಮಗ್ಗದವರ ಕಷ್ಟ ಬೇರೆಯೇ ಇದೆ, ಎಲ್ಲ ಸರಿಯಾಗಿದೆ ಎಂದೇನೂ ಅಲ್ಲ. ಆದರೂ ಧರ್ಮಾವರ ಎಂಬ ಹೆಸರಿಗೆ ಸೀರೆಯ ಅಂಗಡಿಯಲ್ಲಿ ಒಂದು ತೂಕ ಇದೆ. ಆ ತೂಕ ನೇಕಾರರು ಗಳಿಸಿಕೊಟ್ಟದ್ದು. ರಕ್ತಚಂದನದ ವಿಷಯದಲ್ಲಿ ಗೂಡಷ್ಟೇ ನಮ್ಮ ಪಾಲಿಗೆ ಉಳಿದಿದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಅರಣ್ಯ ಇಲಾಖೆಯದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಊರಿನ ಬಡಗಿಗೆ ಈ ಮರ ಕೊಟ್ಟರೆ ಕದ್ದ ಮರ ಅವನ ಅಂಗಡಿಯ ಮೂಲಕ ಸಕ್ರಮವಾಗುತ್ತದೆ. ಒಂದು ದಿಮ್ಮಿಗೆ ಇರುವ ರಸೀದಿಯಲ್ಲಿ ಹತ್ತು ದಿಮ್ಮಿ ದಾಟುತ್ತವೆ. ಇದು ನಡೆಯದ ಮಾತೇನಲ್ಲ. ಶ್ರೀಗಂಧದಲ್ಲಿ ಕರ್ನಾಟಕ ಇದನ್ನು ಉಂಡಿದೆ. ಆದರೆ ಅದೇ ಕರ್ನಾಟಕ ಇನ್ನೊಂದು ದಾರಿಯನ್ನೂ ತೋರಿಸಿದೆ. ಮೈಸೂರು ಸೀಮೆಯಲ್ಲಿ ಶ್ರೀಗಂಧ ಟಿಪ್ಪುವಿನ ಕಾಲದಿಂದ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಅಷ್ಟು ಬಿಗಿ ಇದ್ದರೂ ಸಾಗರ, ಸೊರಬದ ಗುಡಿಗಾರರಿಗೆ ಸರ್ಕಾರದ ಮೂಲಕವೇ ರಿಯಾಯಿತಿ ದರದಲ್ಲಿ ಗಂಧದ ಮರ ಹಂಚುವ ಪದ್ಧತಿ ಬಂತು. ಮರ ವಿರಳವಾದಂತೆ ಹಂಚಿಕೆ ಸೊರಗಿತು, ಗುಡಿಗಾರರು ಶಿವನೆಯಂಥ ಬೇರೆ ಮರಕ್ಕೆ ತಿರುಗಿದರು. ಆದರೆ ಕೈ ಕೆಲಸ ಮರೆಯಲಿಲ್ಲ. ಮೈಸೂರಿನ ಬೀಟೆಮರದ ಕೂರಣೆ (ಇನ್‌ಲೇ) ಕೆಲಸವೂ ಹೀಗೆಯೇ ಉಳಿದು ಭೌಗೋಳಿಕ ಮಾನ್ಯತೆ ಪಡೆಯಿತು.

ಅಂತರರಾಷ್ಟ್ರೀಯ ಒಪ್ಪಂದ ಕೂಡ ರಕ್ತಚಂದನದ ವಿಷಯದಲ್ಲಿ ಮುಖ್ಯವಾಗಿ ಕಣ್ಣಿಟ್ಟಿರುವುದು ದಿಮ್ಮಿ, ಚಕ್ಕೆ, ಪುಡಿ ಮತ್ತು ಸಾರದ ಮೇಲೆ. ಮುಗಿದ ವಸ್ತುವನ್ನೂ ಕಚ್ಚಾ ಮರವನ್ನೂ ಬೇರೆಬೇರೆ ನೋಡಬಹುದು ಎಂಬ ವಿವೇಕ ಅದರಲ್ಲಿದೆ. ಕುರ್ಚಿಯೊಂದನ್ನು ಕದ್ದು ಸಾಗಿಸುವುದು ದಿಮ್ಮಿ ಸಾಗಿಸಿದಷ್ಟು ಸುಲಭವಲ್ಲ, ಅದನ್ನು ಮಾಡಿದವನ ಗುರುತು ಅದರ ಮೇಲಿರುತ್ತದೆ. ಗೋದಾಮಿನಲ್ಲಿ ದರ್ಜೆ ಗೊತ್ತಾದ, ಸಂಖ್ಯೆ ಹಾಕಿದ ದಿಮ್ಮಿಗಳಿವೆ. ಅವುಗಳಲ್ಲಿ ಟೊಳ್ಳಾದ, ಸೀಳಿದ, ಹರಾಜಿನಲ್ಲಿ ಕಡಿಮೆ ಬೆಲೆಗೆ ಹೋಗುವ ತುಂಡುಗಳನ್ನು ತೂಕ ಮಾಡಿ ಕೊಡಲಿ, ಮುಗಿದ ವಸ್ತು ಮತ್ತು ಉಳಿದ ಚೂರನ್ನು ತೂಕ ಮಾಡಿ ವಾಪಸು ಲೆಕ್ಕ ಪಡೆಯಲಿ. ಚಿನ್ನದ ಕೆಲಸದಲ್ಲಿ ಅಕ್ಕಸಾಲಿಗನ ಜೊತೆ ನಾವು ತಲೆಮಾರುಗಳಿಂದ ಮಾಡುತ್ತಿರುವುದು ಇದನ್ನೇ.

ತೋಟ ಮಾಡಿದ ರೈತನ ಮಾತಿಗೆ ಬರುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರ ಪಟ್ಟಾ ಜಮೀನಿನಲ್ಲಿ ಬೆಳೆದ ರಕ್ತಚಂದನದ ರಫ್ತಿಗೆ ದಾರಿ ತೆರೆಯಿತು. 2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಸಮಿತಿ ಭಾರತದ ಈ ಮರವನ್ನು 2004ರಿಂದ ಇದ್ದ ವಿಶೇಷ ಪರಿಶೀಲನೆಯಿಂದ ಕೈಬಿಟ್ಟಿತು. ಇವು ರೈತರಿಗೆ ಒಳ್ಳೆಯ ಸುದ್ದಿಗಳೇ. ಆದರೆ ಬೆಲೆ ಸಿಗುವುದು ಚೇಗಿಗೆ. ರಕ್ತಚಂದನದಲ್ಲಿ ಚೇಗು ಕಟ್ಟುವುದು ನಿಧಾನ, ಬಿಳಿಯ ಹೊರಮರಕ್ಕೆ ಬೆಲೆ ಇಲ್ಲ. ಶೇಷಾಚಲದ ಕಲ್ಲುಬೆಟ್ಟದಲ್ಲಿ ಎರಡೂ ಮಳೆಗಾಲದ ನೀರು ಕುಡಿದು ದಶಕಗಟ್ಟಲೆ ಕಷ್ಟಪಟ್ಟು ಬೆಳೆದ ಮರದ ಬಿಗಿ, ಹನಿ ನೀರಾವರಿಯಲ್ಲಿ ಓಡಿ ಬೆಳೆದ ತೋಟದ ಮರಕ್ಕೆ ಬರುತ್ತದೆ ಎಂದು ನಂಬಿ ಸಾಲ ಮಾಡುವುದು ಅಪಾಯ. ಎಷ್ಟೋ ಸಾವಿರ ಎಕರೆಯಲ್ಲಿ ಒಂದೇ ಹೊತ್ತಿಗೆ ಕಟಾವು ಬಂದರೆ ಕಚ್ಚಾ ದಿಮ್ಮಿಯ ಬೆಲೆ ಏನಾಗುತ್ತದೆ ಎಂಬುದು ಟೊಮ್ಯಾಟೊ ಬೆಳೆದ ನಮ್ಮ ರೈತರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆ ಹೊತ್ತಿಗೆ ಇಲ್ಲಿಯೇ ಮರವನ್ನು ವಸ್ತುವಾಗಿಸುವ ನೂರಿನ್ನೂರು ಕುಶಲ ಕೈಗಳಿದ್ದರೆ ರೈತನಿಗೆ ಹಡಗಿನ ವ್ಯಾಪಾರಿಯೊಬ್ಬನೇ ಗಿರಾಕಿ ಆಗಿರುವುದಿಲ್ಲ.

ಆ ಕೈಗಳನ್ನು ಬೆಳೆಸಲು ಮೊದಲ ದಿನವೇ ರಕ್ತಚಂದನ ಬೇಕಾಗಿಯೂ ಇಲ್ಲ. ಚೀನಾದ ಸೂಚೌ ಸುತ್ತಿನ ಬಡಗಿಗಳು ಅರಮನೆಗೆ ಜಿತಾನ್, ಹ್ವಾಂಗ್‌ಹ್ವಾಲಿಯಲ್ಲಿ ಮಾಡಿದ ರೂಪಗಳನ್ನೇ, ಅದೇ ಜೋಡಣೆಗಳನ್ನೇ ಊರಿನ ಗಿರಾಕಿಗಳಿಗೆ ತಮ್ಮ ನೆಲದ ಅಗ್ಗದ ಮರದಲ್ಲಿ ಮಾಡಿಕೊಟ್ಟರು. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ ಮಿಂಗ್ ಕುರ್ಚಿಗಳ ಚಿತ್ರ ನೋಡಿ 1944ರಲ್ಲಿ ತನ್ನ ಚೀನಾ ಕುರ್ಚಿ ರೂಪಿಸಿದ. ಅದರ ಮುಂದಿನ ಕುಡಿಯಾಗಿ 1949ರಲ್ಲಿ ರೂಪುಗೊಂಡ ಅವನ ವಿಶ್‌ಬೋನ್ ಕುರ್ಚಿ ಓಕ್‌ನಂಥ ಸಾಮಾನ್ಯ ಮರ, ಕಾಗದದ ಹುರಿಯಲ್ಲಿ ಇಂದಿಗೂ ತಯಾರಾಗುತ್ತಿದೆ, ಲೋಕವೆಲ್ಲ ಕೊಳ್ಳುತ್ತಿದೆ. ಹಾಗಿರುವಾಗ ನಮ್ಮಲ್ಲಿ ಬೇವು ಇದೆ, ಜಾಲಿ ಇದೆ, ಹೊನ್ನೆ ಸಿಗುತ್ತದೆ. ಐಟಿಐಗಳಲ್ಲಿ ಕಾರ್ಪೆಂಟರ್ ಟ್ರೇಡ್ ಒಂದು ವರ್ಷದ್ದು, ಪ್ಲೈವುಡ್ ಕತ್ತರಿಸಿ ಮೈಕಾ ಅಂಟಿಸುವಷ್ಟಕ್ಕೆ ಅದು ಸಾಕಾದೀತು. ಅದರ ಮೇಲೆ ಇನ್ನೂ ಮೂರು ವರ್ಷ, ಮಾಧವಮಾಲದ ಕೆತ್ತನೆಯವರು, ಮೈಸೂರಿನ ಕೂರಣೆಯವರು, ಮೊಳೆ ಇಲ್ಲದೆ ತೇರಿನ ಗಡ್ಡೆ ಕೂಡಿಸಬಲ್ಲ ನಮ್ಮ ವಿಶ್ವಕರ್ಮರು ಕಲಿಸುವ ಒಂದು ಶಾಲೆ ಹಿಂದೂಪುರಕ್ಕೆ ಬೇಕು. ಜಾತಿ ಕೇಳದೆ, ಹುಡುಗಿಯರನ್ನೂ ಸೇರಿಸಿಕೊಂಡು. ಮೊದಲ ಎರಡು ವರ್ಷ ಬೇವು, ಜಾಲಿಯಲ್ಲೇ ಗುಳಿ ತೋಡಲಿ, ನಾಲಿಗೆ ಕೂಡಿಸಲಿ, ಕುರ್ಚಿ ಕಟ್ಟಲಿ. ಹೆದ್ದಾರಿ ಹಿಡಿದರೆ ಎರಡು ಗಂಟೆಯಲ್ಲಿ ಬೆಂಗಳೂರು, ಚೆನ್ನಾಗಿ ಕಟ್ಟಿದ ಮರದ ಕುರ್ಚಿಗೆ ಅಲ್ಲಿ ಗಿರಾಕಿಗಳಿಗೆ ಬರವಿಲ್ಲ. ಅವರಲ್ಲಿ ಕೈ ಕುದುರಿದವರಿಗೆ ಮೂರನೆಯ ವರ್ಷ ತಿರುಪತಿಯ ಗೋದಾಮಿನಿಂದ ತೂಕ ಮಾಡಿದ ಸಿ ದರ್ಜೆಯ ಟೊಳ್ಳು ದಿಮ್ಮಿ ಬರಲಿ.